ಸಾವು ಇಳಿಸುವ ಬೆಂಚು

ಸಾಂತಾ ರೂಫಿನಾ ಊರಿನ ಬಡವರ ಮನೆಯಲ್ಲಿ ಯಾರಾದರೂ ಸತ್ತರೆ, ಹೆಣದ ತಲೆಯ ಹತ್ತಿರ ಮೇಣದಬತ್ತಿ ಹಚ್ಚುವಷ್ಟರಲ್ಲಿ ಹಸಿಂತಾಳಿಗೆ ಸುದ್ದಿ ಮುಟ್ಟಿರುತ್ತಿತ್ತು. ಇಗರ್ಜಿಯ ಕರುಣೆಯ ಸಂಘಕ್ಕೆ ಅವಳೇ ಅಧ್ಯಕ್ಷೆ. ಆ ಕುರ್ಚಿಯಲ್ಲಿ ಅವಳು ಯಾವಾಗ ಕೂತಳೋ ಯಾರಿಗೂ ನೆನಪಿಲ್ಲ, ಏಳುವ ಲಕ್ಷಣವೂ ಇರಲಿಲ್ಲ. ಸುದ್ದಿ ಬಂದ ತಕ್ಷಣ ಅಕ್ಕಿ, ಕಾಫಿಪುಡಿ, ಸಕ್ಕರೆ, ಬಿಸ್ಕತ್ತು, ಮೇಣದಬತ್ತಿ ಎಲ್ಲವನ್ನೂ ಬುಟ್ಟಿಗೆ ತುಂಬಿ, ಕಪ್ಪು ಲಂಗ ತೊಟ್ಟು, ಮಂಡಿನೋವನ್ನು ಬೈಯುತ್ತ ಹೊರಟುಬಿಡುತ್ತಿದ್ದಳು. ದುಡ್ಡಿದ್ದವರ ಸಾವಿಗೆ ಅವಳಿಗೆ ಅಷ್ಟು ಅವಸರವಿರಲಿಲ್ಲ. "ಅವರಿಗೆ ಜನ ಇದಾರೆ. ಇವರ ಹತ್ರ ನಾವು ಹೋಗ್ದಿದ್ರೆ ಇನ್ಯಾರು ಹೋಗ್ತಾರೆ" ಎನ್ನುತ್ತಿದ್ದಳು.

ಬಡವರ ಮುಖದಲ್ಲಿ ಯೇಸುವಿನ ಮುಖ ನೋಡಬೇಕು ಎಂದು ಪಾದ್ರಿಗಳು ಪ್ರತಿ ವರ್ಷ ಹೇಳುತ್ತಾರೆ, ಜನ ಪ್ರತಿ ವರ್ಷ ತಲೆಯಾಡಿಸುತ್ತಾರೆ. ಹಸಿಂತಾ ಬರೀ ತಲೆಯಾಡಿಸಿದವಳಲ್ಲ. ಕುಷ್ಠದಿಂದ ಸತ್ತವನ ಹೆಣವನ್ನು ಬೇರೆ ಯಾರೂ ಮುಟ್ಟದಿದ್ದಾಗ ತಾನೇ ತೊಳೆದು ಅಂಗಿ ತೊಡಿಸಿದವಳು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದನ್ನು ಕೇಳಿದ ಮೇಲೆ ಅವಳನ್ನು ಕೆಟ್ಟ ಹೆಂಗಸು ಎಂದು ತಳ್ಳಿಹಾಕುವುದು ತೀರಾ ಸುಲಭ.

ಆ ಸೀಮೆಯಲ್ಲಿ ಸಾವಿನ ಮನೆಯಿಂದ ಯಾರೂ ನೆಟ್ಟಗೆ ತಮ್ಮ ಮನೆಗೆ ಹೋಗುವುದಿಲ್ಲ. ಹೋದರೆ ಸತ್ತವರು ಬೆನ್ನಿಗೇ ಬರುತ್ತಾರೆ, ಬಂದವರು ಬರಿಗೈಯಲ್ಲಿ ವಾಪಸ್ಸು ಹೋಗುವುದಿಲ್ಲ. ದಾರಿಯಲ್ಲಿ ಎಲ್ಲಾದರೂ ಒಂದು ಗಳಿಗೆ ಕೂತು, ಏನಾದರೂ ಬಾಯಿಗೆ ಹಾಕಿಕೊಂಡು, ಸಾವನ್ನು ಅಲ್ಲೇ ಕೊಡವಿ ಎದ್ದು ಬರಬೇಕು. ಓದಿದವರೂ ಕೊಡವುತ್ತಾರೆ, ಅವರು ನಗುತ್ತ ಕೊಡವುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ಇನ್ನೊಬ್ಬರ ಮನೆಯಲ್ಲಿ ಮಾತ್ರ ಕೂರಬಾರದು, ಅದು ಮಹಾಪಾಪ. ಅಂಗಡಿಯಾಗಬಹುದು, ಮಾರ್ಕೆಟ್ಟಾಗಬಹುದು, ಬಸ್ ಸ್ಟ್ಯಾಂಡಾಗಬಹುದು. ನಾಲ್ಕು ಜನ ಬಂದು ಹೋಗುವ ಕಡೆ ಸತ್ತವರಿಗೆ ಯಾರ ಬೆನ್ನು ಹಿಡಿಯಬೇಕೋ ತಿಳಿಯದೆ ದಾರಿ ತಪ್ಪುತ್ತದಂತೆ.

ಸಾಂತಾ ರೂಫಿನಾದವರು ಕೊಡವುತ್ತಿದ್ದದ್ದು ತಾಸಿಂಗಳ ಗಂಜಿ ಅಂಗಡಿಯಲ್ಲಿ. ಬೆಸ್ತರ ಕೇರಿಯಿಂದ ಬರುವ ದಾರಿಯೂ ಸ್ಮಶಾನದ ಗುಡ್ಡದಿಂದ ಇಳಿಯುವ ದಾರಿಯೂ ಕೂಡುವ ತಿರುವಿನಲ್ಲಿ ಒಂದು ತಗಡಿನ ಚಪ್ಪರ, ಒಂದು ಒಲೆ, ಒಂದು ಉದ್ದನೆಯ ಬೆಂಚು. ಶುಂಠಿ ಹಾಕಿ ಬೇಯಿಸಿದ ಗಂಜಿ ಅವಳಲ್ಲಿ ಯಾವಾಗಲೂ ಬಿಸಿಯಾಗಿರುತ್ತಿತ್ತು. ಸಾವಿನಿಂದ ಬಂದವರು ಅಲ್ಲಿ ಕೂತು, ಎರಡು ಚಮಚ ಕುಡಿದು, ಲಂಗದ ಅಂಚನ್ನೋ ಪ್ಯಾಂಟಿನ ತುದಿಯನ್ನೋ ಒಮ್ಮೆ ಝಾಡಿಸಿ, ಹಗುರವಾಗಿ ಮನೆಗೆ ಹೋಗುತ್ತಿದ್ದರು. ಬೆಂಚಿನ ಹಿಂದೆ ಒಂದು ಹೂವಿನ ಪರದೆ ಇತ್ತು. ಪರದೆಯ ಹಿಂದೆ ತಾಸಿಂಗಳ ಚಾಪೆ, ಅವಳ ಪಾತ್ರೆ, ಅವಳ ದೇವಮಾತೆಯ ಪಟ, ಅವಳ ಮಗಳು ಜೊವಿತಾ. ಅಂದರೆ ಆ ಅಂಗಡಿ ಒಂದು ಮನೆಯೂ ಆಗಿತ್ತು. ಇಷ್ಟು ವರ್ಷ ಅಲ್ಲಿ ಗಂಜಿ ಕುಡಿದ ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ. ತಾಸಿಂಗಳ ಗಂಡ ಸತ್ತ, ಗಂಡುಮಗ ಸತ್ತ. ಪಾಪ, ಅವಳ ಹಣೆಬರಹ ಎಂದು ಅದೇ ಬೆಂಚಿನಲ್ಲಿ ಕೂತು ಮರುಗಿದ್ದರು.

ಹೆಂಡ ಇಳಿಸುವ ಇಲ್ಯೋ ತೆಂಗಿನ ಮರದಿಂದ ಬಿದ್ದು ಸತ್ತ ವಾರದಲ್ಲಿ ಹಸಿಂತಾಳ ಮನೆಯಲ್ಲಿ ಹತ್ತು ದಿನದ ಹಸುಗೂಸಿತ್ತು. ಅವಳ ಮೊದಲ ಮೊಮ್ಮಗ. ಮಗ ರೋಮುಲೋ ಕೊಬ್ಬರಿ ಲಾರಿಯ ಜೊತೆ ಬಂದರಿಗೆ ಹೋಗಿದ್ದ. ಅವನು ಬಂದ ಮೇಲೆ ಜ್ಞಾನಸ್ನಾನ ಎಂದು ತೀರ್ಮಾನವಾಗಿತ್ತು. ಜ್ಞಾನಸ್ನಾನವಾಗದ ಕೂಸೆಂದರೆ ಬಾಗಿಲಿಲ್ಲದ ಮನೆ ಇದ್ದಂತೆ, ಯಾರು ಬೇಕಾದರೂ ನುಗ್ಗಬಹುದು. ಬುಟ್ಟಿ ಹಿಡಿದು ಹೊರಟ ಅತ್ತೆಗೆ ಸೊಸೆ ರೊವೆನಾ ಮಹಡಿಯ ಕಿಟಕಿಯಿಂದ ಕೂಗಿ ಹೇಳಿದಳು.

"ಅತ್ತೆ, ಅಲ್ಲಿಂದ ನೆಟ್ಟಗೆ ಬಂದ್ಬಿಡ್ಬೇಡಿ ಮತ್ತೆ."

"ನಿನ್ ಗಂಡ ಹುಟ್ಟೋಕ್ ಮುಂಚೆಯಿಂದ ಸಾವಿನ ಮನೆ ನೋಡಿರೋಳು ಕಣೆ ನಾನು. ನೀನು ಮಗೂಗೆ ತಲೆ ಮುಚ್ಚು, ಗಾಳಿ ಬೀಸ್ತಿದೆ."

ಇಲ್ಯೋನ ಮನೆಯಿಂದ ಹೊರಟಾಗ ಸಂಜೆಯ ಬೆಳಕು ಇನ್ನೂ ಇತ್ತು, ಮಳೆ ಹನಿಯುತ್ತಿತ್ತು. ಜೊತೆಗೆ ಸಂಘದ ಖಜಾಂಚಿ, ಚಿಕ್ಕಂದಿನ ಗೆಳತಿ ಕಾಂದಿದಾ. ಇಬ್ಬರೂ ಒಂದೇ ಕೊಡೆಯಡಿ ಒಬ್ಬರನ್ನೊಬ್ಬರು ತಳ್ಳಾಡುತ್ತ ತಿರುವಿಗೆ ಬಂದರು. ಎಂದಿನಂತೆ ಒಲೆಯ ಹಿಂದೆ ಕೂರದೆ ತಾಸಿಂಗ್ ಬೆಂಚಿನ ಮುಂದೆಯೇ ಸೌಟು ಹಿಡಿದು ನಿಂತಿದ್ದಳು.

"ಅಕ್ಕ, ಇವತ್ತೊಂದಿನ ಮಾರ್ಕೆಟ್ ಕಡೆ ಹೋಗ್ತೀರಾ?" ಎಂದಳು.

"ಯಾಕೆ, ಗಂಜಿ ತಳ ಹಿಡೀತಾ?" ಕಾಂದಿದಾ ಕೇಳಿದಳು.

"ಗಂಜಿ ಇದೆ ಅಕ್ಕ. ಜೊವಿತಾಗೆ ಮಧ್ಯಾಹ್ನದಿಂದ ಹೆರಿಗೆ ನೋವು. ಒಳಗೆ ಮಲಗಿದಾಳೆ." ತಾಸಿಂಗ್ ಪರದೆಯ ಕಡೆ ಒಮ್ಮೆ ನೋಡಿದಳು. "ಮಾರ್ಕೆಟ್ಟಲ್ಲಿ ದೀಪ ಇದೆ. ಕಾಫಿನೂ ಸಿಗುತ್ತೆ."

ಕೇಳಬಾರದ ದೊಡ್ಡ ಉಪಕಾರ ಕೇಳುತ್ತಿರುವಂತೆ ಅವಳು ನಗಲು ನೋಡುತ್ತಿದ್ದಳು. ಕಾಂದಿದಾ ಬಾಯಲ್ಲಿ ಎಷ್ಟೇ ಒರಟಾಗಿದ್ದರೂ ತಕ್ಷಣ ಕೊಡೆಯನ್ನು ಆ ಕಡೆ ತಿರುಗಿಸಿದಳು. "ನಡಿ ಹಸಿಂತಾ, ಒಂದು ಕಾಫಿ ಕುಡಿದು ಹೋಗೋಣ."

ಮಾರ್ಕೆಟ್ಟು ಊರಿನ ಇನ್ನೊಂದು ತುದಿಗೆ. ಹಸಿಂತಾಳ ಮಂಡಿ ಬೆಳಗಿನಿಂದ ಉರಿಯುತ್ತಿತ್ತು, ಚಪ್ಪಲಿಯೊಳಗೆ ಕೆಸರು ಸೇರಿತ್ತು. ಮೇಲಾಗಿ ಇಷ್ಟು ವರ್ಷ ಕೂತ ಬೆಂಚು ಅವಳ ಕಣ್ಣೆದುರಿಗೇ ಇತ್ತು. ತಾಸಿಂಗ್ ತನ್ನನ್ನು ಬೇಡ ಎಂದದ್ದು ಅವಳಿಗೆ ಸ್ವಲ್ಪ ಚುಚ್ಚಿತ್ತು ಎನ್ನುವುದನ್ನೂ ಮುಚ್ಚಿಡಬೇಕಿಲ್ಲ.

"ನನ್ ಕೈಲಿ ಅಷ್ಟು ದೂರ ಆಗಲ್ಲ," ಎಂದು ಅವಳು ಕೂತೇಬಿಟ್ಟಳು. "ಒಂದೇ ಗಳಿಗೆ ತಾಸಿಂಗ್. ಮನೇಲಿ ಕೂಸಿದೆ, ಇನ್ನೂ ಜ್ಞಾನಸ್ನಾನ ಆಗಿಲ್ಲ. ನಿಂಗೆ ಗೊತ್ತಲ್ಲ."

ಬೇಡ ಎನ್ನುವ ಅಭ್ಯಾಸ ತಾಸಿಂಗಳಿಗಿರಲಿಲ್ಲ. ಜೀವಮಾನದಲ್ಲಿ ಒಂದು ಸಲ ಅಂದು ನೋಡಿದ್ದಳು, ಅಷ್ಟಕ್ಕೇ ಅವಳ ಶಕ್ತಿ ಮುಗಿದಿತ್ತು. ಬಟ್ಟಲಿಗೆ ಗಂಜಿ ಬಡಿಸಿ ಕೊಟ್ಟಳು. ಕಾಂದಿದಾ ಇಬ್ಬರ ಮುಖವನ್ನೂ ನೋಡಿ, ಕೊಡೆ ತೆಗೆದುಕೊಂಡು ಒಬ್ಬಳೇ ಮಾರ್ಕೆಟ್ಟಿನ ದಾರಿ ಹಿಡಿದಳು. ಪರದೆಯ ಹಿಂದೆ ಹುಡುಗಿ ಹಲ್ಲು ಕಚ್ಚಿ ನರಳಿದ್ದು ಹಸಿಂತಾಳಿಗೆ ಕೇಳಿಸಿತು. ಎರಡು ಚಮಚ ಕುಡಿದಳು, ಎದ್ದಳು, ಲಂಗದ ಅಂಚನ್ನು ಚೆನ್ನಾಗಿ ಝಾಡಿಸಿದಳು. ಮನೆಯಲ್ಲಿ ಕೂಸಿದೆಯಲ್ಲ ಎಂದು ಎಂದಿಗಿಂತ ಒಂದು ಸಲ ಹೆಚ್ಚಾಗಿಯೇ ಝಾಡಿಸಿದಳು. ಆಮೇಲೆ ಒಂದು ದೊಡ್ಡ ನೋಟು ತೆಗೆದು ತಾಸಿಂಗಳ ಕೈಯಲ್ಲಿ ತುರುಕಿ, "ಹೆರಿಗೆಗೆ ಆಗುತ್ತೆ, ಇಟ್ಕೊ" ಎಂದಳು.

ಬೆಳಗಾಗುವ ಮೊದಲೇ ಜೊವಿತಾ ಸತ್ತಳು. ಹೆಣ್ಣುಕೂಸು ಉಳಿಯಿತು.

ಸುದ್ದಿ ತಂದವಳು ಕಾಂದಿದಾ. ಹಸಿಂತಾ ಮೊಮ್ಮಗನ ಬಟ್ಟೆ ಒಣಹಾಕುತ್ತಿದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ಒಂದು ತೊಟ್ಟು ನೀರೂ ಇರಲಿಲ್ಲ.

"ನೀನು ಮಾರ್ಕೆಟ್ಟಿಗೆ ಹೋದ್ಯಲ್ಲ," ಎಂದಳು ಕೊನೆಗೆ. "ನನ್ನನ್ಯಾಕೆ ಎಳ್ಕೊಂಡು ಹೋಗ್ಲಿಲ್ಲ?"

"ನಿನ್ನ ಎಳೆಯೋಕೆ ನಿಮ್ಮ ಕೊಬ್ಬರಿ ಲಾರಿನೇ ಬೇಕು ಮಾರಾಯ್ತಿ," ಎಂದ ಕಾಂದಿದಾ ಗೆಳತಿಯ ಮುಖ ನೋಡಿ ದನಿ ಇಳಿಸಿದಳು. "ರಕ್ತ ನಿಲ್ಲಲಿಲ್ಲವಂತೆ. ಸೂಲಗಿತ್ತಿ ಏನೇನೋ ಮಾಡಿದ್ಲು. ನಿಂದೇನೂ ಇಲ್ಲ ಕಣೆ ಇದ್ರಲ್ಲಿ."

ಹಸಿಂತಾ ಅದೇ ದಿನ ಪಾಪನಿವೇದನೆಗೆ ಹೋದಳು. ಫಾದರ್ ಬಾಲ್ತಸಾರ್ ವಯಸ್ಸಾದವರು, ಒಳ್ಳೆಯವರು. ಊರಿನವರ ಈ ಕೊಡವುವ ಗೀಳಿನ ವಿರುದ್ಧ ಎಷ್ಟೋ ಸಲ ಪ್ರಸಂಗ ಮಾಡಿ ಸೋತಿದ್ದರು. ಎಲ್ಲವನ್ನೂ ಕೇಳಿ ನಿಟ್ಟುಸಿರು ಬಿಟ್ಟರು.

"ಸತ್ತವರು ದೇವರ ಕೈಲಿರ್ತಾರಮ್ಮ, ನಿನ್ನ ಲಂಗದ ಅಂಚಲ್ಲಲ್ಲ. ಆ ಹುಡುಗಿ ರಕ್ತ ಹೋಗಿ ಸತ್ತಳು. ಆಸ್ಪತ್ರೆ ಹತ್ತಿರ ಇದ್ದಿದ್ರೆ ಬದುಕ್ತಿದ್ಲು. ನೀನು ಕೂತದ್ರಿಂದ ಏನೂ ಆಗಿಲ್ಲ."

"ನೀವು ಹೇಳೋದೇ ನಿಜ ಇರ್ಲಿ ಫಾದರ್. ಸಾವು ಯಾರ ಬೆನ್ನೂ ಹತ್ತಲ್ಲ ಅಂತಾನೇ ಇಟ್ಕೊಳೋಣ. ಆದ್ರೆ ನಾನು ಹತ್ತುತ್ತೆ ಅಂತ ನಂಬಿದ್ದೆ. ನಂಬ್ಕೊಂಡೇ ತಗೊಂಡೋಗಿ ಆ ನೋಯ್ತಿರೋ ಹುಡುಗಿ ಬಾಗಿಲಲ್ಲಿ ಇಳಿಸಿದೆ. ನನ್ ಮೊಮ್ಮಗೂಗೆ ಬೇಡ, ಅವಳಿಗಿರ್ಲಿ ಅಂತ. ಅದು ತಪ್ಪಲ್ವಾ?"

ಪಾದ್ರಿಗಳ ಪುಸ್ತಕದಲ್ಲಿ ಭೂತಕ್ಕೆ ಉತ್ತರವಿತ್ತು, ಇದಕ್ಕಿರಲಿಲ್ಲ. ಕೊನೆಗೆ, ಪ್ರಾರ್ಥನೆ ಮಾಡು, ಆ ಮನೆಗೆ ಕೈಲಾದ ಸಹಾಯ ಮಾಡು ಎಂದರು.

ಸಹಾಯಕ್ಕೇನು ಕೊರತೆ. ಒಳ್ಳೆ ಮರದ ಪೆಟ್ಟಿಗೆ ಹೋಯಿತು, ಅಕ್ಕಿ ಮೂಟೆ ಹೋಯಿತು, ಕಾಫಿ ಸಕ್ಕರೆ ಹೋಯಿತು, ದಪ್ಪ ದಪ್ಪ ಮೇಣದಬತ್ತಿಗಳು ಹೋದವು. ಹಸಿಂತಾ ಮಾತ್ರ ಹೋಗಲಿಲ್ಲ. ಯಾವ ಬಡವರ ಸಾವನ್ನೂ ತಪ್ಪಿಸದ ಅಧ್ಯಕ್ಷೆ ಈ ಸಾವಿಗೆ ಮಂಡಿನೋವೆಂದು ಹೇಳಿ ಕಳಿಸಿ ಮಹಡಿಯಲ್ಲೇ ಉಳಿದಳು.

ಅಲ್ಲಿ ಅವಳಿಗೆ ನೆಮ್ಮದಿ ಇರಲಿಲ್ಲ. ಕಣ್ಣು ಮುಚ್ಚಿದರೆ ಆ ಬೆಂಚು ಕಾಣುತ್ತಿತ್ತು. ಖಾಲಿ ಬೆಂಚಲ್ಲ. ಇಷ್ಟು ವರ್ಷ ಅವಳು ಬುಟ್ಟಿ ಹಿಡಿದು ಹೋಗಿ ಜಪಸರ ಎಣಿಸಿ, ವಾಪಸ್ಸು ಬರುವಾಗ ಅಲ್ಲಿ ಇಳಿಸಿ ಬಂದವರೆಲ್ಲ ಒತ್ತೊತ್ತಾಗಿ ಕೂತಿದ್ದರು. ಬಲೆಯಲ್ಲಿ ಕಾಲು ಸಿಕ್ಕಿ ಮುಳುಗಿದ ಬೆಸ್ತ, ಕೆಮ್ಮಿ ಕೆಮ್ಮಿ ಸತ್ತ ಬಟ್ಟೆ ಒಗೆಯುವವಳು, ಅವಳೇ ತೊಳೆದಿದ್ದ ಕುಷ್ಠರೋಗಿ, ಕೊನೆಯಲ್ಲಿ ಕತ್ತು ಮುರಿದ ಇಲ್ಯೋ. ಎಲ್ಲರಿಗೂ ಹಸಿವು, ಎಲ್ಲರ ಕೈಯಲ್ಲೂ ಬಟ್ಟಲು. ತಾಸಿಂಗ್ ಒಬ್ಬಳೇ ಬಡಿಸುತ್ತಿದ್ದಳು. ತಾನು ಬಡವರಿಗೆ ಕೊಟ್ಟದ್ದೆಲ್ಲ ಒಂದು ಕಡೆ, ತನಗೆ ಬೇಡವಾದದ್ದನ್ನು ಬಡವಳೊಬ್ಬಳ ಮನೆಯಲ್ಲಿ ಇಳಿಸಿದ್ದು ಇನ್ನೊಂದು ಕಡೆ ಎಂದು ಅವಳಿಗೆ ಆಗ ಅರ್ಥವಾಯಿತು. ಅರ್ಥವಾದ ಮೇಲೆ ಊಟ ಸೇರಲಿಲ್ಲ. ಯಾವ ಕುರ್ಚಿಯಲ್ಲಿ ಕೂತರೂ ಪಕ್ಕದಲ್ಲಿ ಯಾರೋ ಜಾಗ ಮಾಡಿಕೊಂಡು ಕೂತಂತಾಗಿ ಎದ್ದುಬಿಡುತ್ತಿದ್ದಳು.

ಆ ಸೀಮೆಯಲ್ಲಿ ಹೆಣವನ್ನು ಕೆಲವು ದಿನ ಮನೆಯಲ್ಲೇ ಇಟ್ಟು ಜನ ಬಂದು ಕಾಯುವುದು ಪದ್ಧತಿ. ಕಾಂದಿದಾ ದಿನಾ ಅಲ್ಲಿಗೆ ಹೋಗಿ ಬಂದು ವರದಿ ಒಪ್ಪಿಸುತ್ತಿದ್ದಳು. "ಅಲ್ಲಿಂದ ಹೊರಟ ಜನಕ್ಕೆ ತಲೆ ಕೆಟ್ಟುಹೋಗಿದೆ ಕಣೆ. ಎಲ್ಲಿ ಕೊಡವೋದು? ಕೊಡವೋ ಜಾಗಾನೇ ಸಾವಿನ ಮನೆ. ಮೊನ್ನೆ ನಾನು ಮೂರು ಬೀದಿ ಸುತ್ತಿ, ಕೊನೆಗೆ ಪೊಲೀಸ್ ಠಾಣೆಗೆ ಹೋಗಿ ಬೆಂಚ್ ಮೇಲೆ ಕೂತೆ. ಏನಮ್ಮ ದೂರು ಅಂದ. ಏನಿಲ್ಲಪ್ಪ, ಸುಮ್ನೆ ಬಂದೆ ಅಂದೆ. ಒಂದು ಲೋಟ ನೀರು ಕೊಟ್ಟ, ಕುಡಿದು ಎದ್ದು ಬಂದೆ. ಪಾಪ, ಇನ್ನು ಮೇಲೆ ಆ ಠಾಣೆಗೆ ಒಳ್ಳೇದಾಗಲ್ಲ."

ಹಸಿಂತಾ ನಗಲಿಲ್ಲ. "ತಾಸಿಂಗ್ ಏನಂತಾಳೆ?"

"ಏನೂ ಅನ್ನಲ್ಲ. ನೀನು ಕಳಿಸಿದ ಕಾಫಿನ ಎಲ್ಲರಿಗೂ ಕಾಸಿ ಕೊಡ್ತಾಳೆ. ಕೂಸು ಅಳ್ತಾನೇ ಇರುತ್ತೆ. ಜೊವಿತಾ ಎದೆತುಂಬ ಹಾಲಿಟ್ಕೊಂಡು ಹೋದ್ಲು, ಮಗೂಗೋಸ್ಕರ ಬಂದೇ ಬರ್ತಾಳೆ ಅಂತ ಜನ ಮಾತಾಡ್ಕೊಳ್ತಿದಾರೆ. ಹೊರಡಿಸೋವಾಗ ಕೂಸನ್ನ ಪೆಟ್ಟಿಗೆ ಮೇಲಿಂದ ದಾಟಿಸ್ತಾರಂತೆ, ತಾಯಿ ಮರೀಲಿ ಅಂತ. ಯಾವ ತಾಯಿ ಮರೀತಾಳೆ, ಹೇಳು."

ಮಣ್ಣಿಗೆ ಹೋಗುವ ದಿನ ಮೆರವಣಿಗೆ ಹಸಿಂತಾಳ ಮನೆಯ ಮುಂದೆಯೇ ಹಾದುಹೋಯಿತು. ಅವಳು ಕಿಟಕಿಯ ಮರೆಯಲ್ಲಿ ನಿಂತು ಶಿಲುಬೆ ಗುರುತು ಹಾಕಿಕೊಂಡಳು. ತಾಸಿಂಗ್ ಪೆಟ್ಟಿಗೆಯ ಹಿಂದೆ ಯಾರದೋ ದೊಗಳೆ ಕಪ್ಪು ಅಂಗಿ ತೊಟ್ಟು ನಡೆಯುತ್ತಿದ್ದಳು. ಮೇಲೆ ನೋಡಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಳಗೆ ಗೇಟಿನ ಹತ್ತಿರ ಯಾರೋ ಬಂದು ನಿಂತರು. ಹಸಿಂತಾ ಬಗ್ಗಿ ನೋಡಿದಳು. ತಾಸಿಂಗ್. ಕೂಗಿ ಕರೆಯಲಿಲ್ಲ, ಗೇಟು ಬಡಿಯಲಿಲ್ಲ. ನೋಡುವವರೆಗೂ ನಿಲ್ಲುವುದು ಅವಳಿಗೆ ರೂಢಿ. ಬೈಯಲು ಬಂದಿದ್ದಾಳೆ ಎಂದು ಹಸಿಂತಾ ಅಂದುಕೊಂಡಳು, ಬೈಯಲಿ ಎಂದೂ ಅನಿಸಿತು. ಆದರೂ ಕೈ ತನ್ನಷ್ಟಕ್ಕೆ ಹಳೆಯ ಕೆಲಸ ಮಾಡಿತು. ಅಡಿಗೆಮನೆಗೆ ಹೋಗಿ ಒಂದು ಚೀಲದ ತುಂಬ ಅಕ್ಕಿ ತುಂಬಿಸಿಕೊಂಡು ಮೆಟ್ಟಿಲಿಳಿದು, ಗೇಟಿನ ಸರಳುಗಳ ನಡುವಿನಿಂದ ಚೀಲವನ್ನು ಹೊರಗೆ ಚಾಚಿದಳು.

ತಾಸಿಂಗ್ ಚೀಲ ಮುಟ್ಟಲಿಲ್ಲ. "ಅಕ್ಕಿ ಬೇಡ ಅಕ್ಕ. ಒಂದು ಗಳಿಗೆ ಕೂತು ಹೋಗ್ಲಾ?"

ಹಸಿಂತಾ ಚಾಚಿದ ಚೀಲವನ್ನು ಮೆಲ್ಲಗೆ ಒಳಗೆ ಎಳೆದುಕೊಂಡಳು.

"ಕೂಸನ್ನ ಪಕ್ಕದ ಮನೆ ಅಜ್ಜಿ ಹತ್ರ ಬಿಟ್ಟು ಬಂದಿದೀನಿ. ಗುಡ್ಡದಿಂದ ನೆಟ್ಟಗೆ ಹೋದ್ರೆ ಜೊವಿತಾ ನನ್ ಜೊತೆನೇ ಬಂದ್ಬಿಡ್ತಾಳೆ. ಬಂದ್ರೆ ಕೂಸನ್ನ ಕರ್ಕೊಂಡು ಹೋಗ್ತಾಳೆ. ನನಗಿರೋದು ಅದೊಂದೇ. ಮಾರ್ಕೆಟ್ಟಿಗೆ ಹೋದೆ. ನಾನು ಬರೋದು ನೋಡಿ ಬಾಗಿಲು ಎಳ್ಕೊಂಡ್ರು. ಬಸ್ ಸ್ಟ್ಯಾಂಡಲ್ಲಿ ಕಾಫಿಯವನು ನೆಲಕ್ಕೆ ನೀರು ಎರಚ್ದ, ಆ ಕಡೆ ಹೋಗು ಅಂದ. ಅವರ ತಪ್ಪೂ ಅಲ್ಲ, ಎಲ್ಲರ ಮನೇಲೂ ಮಕ್ಕಳಿದಾರೆ. ಎಲ್ಲಾ ನನ್ ಹತ್ರ ಬಂದು ಕೂರೋರು. ನಾನೆಲ್ಲಿ ಕೂರಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ."

"ತಾಸಿಂಗ್..."

"ನಿಮ್ಮ ಕೆಳಗಡೆ ಕೊಬ್ಬರಿ ಅಂಗಡಿ ಅಲ್ವಾ ಅಕ್ಕ. ಅಂಗಡಿ ಅಂತ ಬಂದೆ, ಮನೆ ಅಂತಲ್ಲ."

ಈ ಮಾತಿನಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ, ತಾಸಿಂಗಳಿಗೆ ಅದು ಬರುತ್ತಲೂ ಇರಲಿಲ್ಲ. ಇದ್ದಿದ್ದರೆ ಹಸಿಂತಾ ಅದನ್ನು ತಡೆದುಕೊಳ್ಳುತ್ತಿದ್ದಳು. ಹಿಂದಿನಿಂದ ರೊವೆನಾಳ ದನಿ ಬಂತು. ಅವಳು ಕೂಸನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅತ್ತೆ, ತೆಗೀಬೇಡಿ. ನಿಮ್ ಕಾಲಿಗೆ ಬೀಳ್ತೀನಿ. ಬೇಕಾದಷ್ಟು ಕೊಟ್ಟು ಕಳಿಸಿ, ಬಾಗಿಲು ಮಾತ್ರ ತೆಗೀಬೇಡಿ."

ಹಸಿಂತಾಳ ಕೈ ಚಿಲಕದ ಮೇಲಿತ್ತು. ತೆಗೆದರೆ ಹೆತ್ತು ಸತ್ತ ಹುಡುಗಿಯೊಬ್ಬಳು, ಮಗುವಿಗಾಗಿ ತೋಳು ಚಾಚಿಕೊಂಡು, ಜ್ಞಾನಸ್ನಾನವಾಗದ ಕೂಸಿರುವ ಮನೆಗೆ ನುಗ್ಗುತ್ತಾಳೆ. ಅವಳು ಇದನ್ನು ನಂಬಿದ್ದಳು, ಈಗಲೂ ನಂಬುತ್ತಿದ್ದಳು. ಪಾದ್ರಿಗಳ ಮಾತು ನೆನಪಿಸಿಕೊಂಡರೂ ಹೆದರಿಕೆ ಒಂದು ಕೂದಲೆಳೆಯಷ್ಟೂ ಕಮ್ಮಿಯಾಗಲಿಲ್ಲ. ತೆಗೆಯದಿದ್ದರೆ ಅದೇ ಹುಡುಗಿ ಆ ಗುಡಿಸಲಿಗೆ ಹೋಗುತ್ತಾಳೆ, ಅಲ್ಲಿಯೂ ಒಂದು ಕೂಸಿದೆ. ಎರಡೂ ಕೂಸೇ. ಅವತ್ತು ಇವಳು ತೀರ್ಮಾನ ಮಾಡಿದ್ದಳು. ಇವತ್ತು ಮತ್ತೆ ಮಾಡಬೇಕಾಗಿತ್ತು. ಮೊಮ್ಮಗನ ಮೇಲಿನ ಪ್ರೀತಿಯಿಂದ ಅವಳಿಗೆ ಉಸಿರು ಕಟ್ಟಿತು. ಹಾಗೆಯೇ ಚಿಲಕ ಸರಿಸಿದಳು.

ತಾಸಿಂಗ್ ಒಳಗೆ ಬಂದು ಅಲ್ಲೇ ಒಂದು ಕೊಬ್ಬರಿ ಮೂಟೆಯ ಅಂಚಿಗೆ ಕೂರಲು ಹೋದಳು.

"ಅಲ್ಲಿ ಬೇಡ," ಹಸಿಂತಾ ಹೇಳಿದಳು. "ಮೇಲೆ ಬಾ. ಮನೆಗೆ ಬಾ."

ರೊವೆನಾ ಅತ್ತೆಯ ಮುಖವನ್ನು ಕ್ಷಣ ಹೊತ್ತು ನೋಡಿ, ಮೆಟ್ಟಿಲು ಹಾರಿಕೊಂಡು ಹೋಗಿ, ಒಳಕೋಣೆಯ ಬಾಗಿಲು ಹಾಕಿ ಅಗಳಿ ಜಡಿದಳು. ಹಸಿಂತಾ ತಾಸಿಂಗಳನ್ನು ಊಟದ ಮೇಜಿನ ಮುಂದೆ ಕೂರಿಸಿ, ಅನ್ನ, ಹುರಿದ ಮೀನು, ಬಿಸಿ ಕಾಫಿ ತಂದಿಟ್ಟಳು. ತಾಸಿಂಗ್ ಕುರ್ಚಿಯ ತುದಿಯಲ್ಲಿ ಕೂತು, ಪದ್ಧತಿಗೆಂದು ಎರಡು ತುತ್ತು ತಿಂದಳು. ಹಸಿಂತಾಳ ಗಂಟಲಲ್ಲಿ ಕ್ಷಮಿಸು ಎನ್ನುವ ಮಾತಿತ್ತು, ಆದರೆ ಅದು ಅಕ್ಕಿ ಚೀಲದಂತೆಯೇ ಸರಳಿನ ನಡುವಿನಿಂದ ಚಾಚುವ ವಸ್ತುವಾಗಿ ಕಂಡು ಅವಳು ಅದನ್ನು ನುಂಗಿಕೊಂಡಳು.

ಒಳಕೋಣೆಯಲ್ಲಿ ಕೂಸು ಅತ್ತಿತು, ಆಮೇಲೆ ಹಾಲು ಸಿಕ್ಕಿ ಸುಮ್ಮನಾಯಿತು. ತಾಸಿಂಗ್ ಬಾಗಿಲಿನ ಕಡೆ ನೋಡಿದಳು. ಅವಳ ಮುಖದಲ್ಲಿ ಅಸೂಯೆ ಇರಲಿಲ್ಲ. ಕಿವಿಗೆ ಹಿತವಾದದ್ದನ್ನು ಕೇಳಿದಂತೆ ಸ್ವಲ್ಪ ಸಡಿಲವಾದಳು, ಅಷ್ಟೆ.

"ಆ ಮಗು ಏನು ಕುಡೀತಾ ಇದೆ?" ಮುಚ್ಚಿದ ಬಾಗಿಲ ಹಿಂದಿನಿಂದ ರೊವೆನಾ ಕೇಳಿದಳು.

"ಗಂಜಿ ತಿಳಿ ಅಮ್ಮ. ಒಂಚೂರು ಸಕ್ಕರೆ ಹಾಕಿ."

"ಹಾಲು?"

"ಹಾಲೆಲ್ಲಿಂದ ತರ್ಲಮ್ಮ."

ಆಮೇಲೆ ಅಗಳಿ ಸರಿಯಿತು. ರೊವೆನಾ ಬಾಗಿಲಲ್ಲಿ ನಿಂತಿದ್ದಳು, ಅತ್ತು ಮುಖ ಊದಿತ್ತು, ಹಾಲು ಸೋರಿ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಅವಳು ತಾಸಿಂಗಳನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು.

"ಅತ್ತೆ, ಪೆಟ್ಟಿಗೆ ಕಳಿಸಿದ್ರಿ. ಮೇಣದಬತ್ತಿ ಕಳಿಸಿದ್ರಿ. ಬಂದೋರಿಗೆಲ್ಲ ಕಾಫಿ ಕಳಿಸಿದ್ರಿ. ಆ ಮಗೂಗೆ ಏನು ಕಳಿಸಿದ್ರಿ?"

ಇಷ್ಟು ದಿನ ಹಸಿಂತಾ ಸತ್ತವಳ ಬಗ್ಗೆ ಯೋಚಿಸಿದ್ದಳು, ತನ್ನ ಪಾಪದ ಬಗ್ಗೆ ಯೋಚಿಸಿದ್ದಳು, ಬೆಂಚಿನ ತುಂಬ ಕೂತವರ ಬಗ್ಗೆ ಯೋಚಿಸಿದ್ದಳು. ಬದುಕಿರುವುದು ಹಸಿದಿದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಇದೇ ಮನೆಯಲ್ಲಿ ಮಿಕ್ಕ ಹಾಲನ್ನು ಬಟ್ಟೆಗೆ ಹಿಂಡಿ ಒಗೆಯುತ್ತಿದ್ದರು.

"ಹೋಗಿ ಕರ್ಕೊಂಡು ಬನ್ನಿ," ರೊವೆನಾ ತಾಸಿಂಗಳಿಗೆ ಹೇಳಿದಳು.

ತಾಸಿಂಗ್ ಗಾಬರಿಯಿಂದ ಎದ್ದು ನಿಂತಳು. "ಬೇಡಮ್ಮ. ನಾನೀಗ ಜೊವಿತಾನ ಇಲ್ಲಿ ಬಿಟ್ಟು ಹೋಗ್ಬೇಕು ಅಂತ ಬಂದೋಳು. ಅವಳ ಮಗೂನ ಇಲ್ಲಿಗೇ ತಂದ್ರೆ ಅವಳು ಇನ್ನೆಲ್ಲಿಗೂ ಹೋಗಲ್ಲ. ಇಲ್ಲೇ ಇದ್ದುಬಿಡ್ತಾಳೆ. ನಿಮ್ ಕೂಸಿದೆ."

"ಗೊತ್ತು." ಎಂದಳು ರೊವೆನಾ. "ನನಗೇನೂ ಗೊತ್ತಿಲ್ಲ ಅಂದ್ಕೊಂಡ್ರಾ? ಹೋಗಿ ಬೇಗ ಕರ್ಕೊಂಡು ಬನ್ನಿ, ನನ್ ಧೈರ್ಯ ಇರೋವಾಗ್ಲೇ."

ತಾಸಿಂಗ್ ಹೋದಳು. ಹೋಗುವ ಮುಂಚೆ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ನೋವಾದೀತೇನೋ ಎನ್ನುವಂತೆ ಮೆಲ್ಲಗೆ ಒಮ್ಮೆ ಕೊಡವಿದಳು. ಅತ್ತೆ ಸೊಸೆ ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಾಸಿಂಗ್ ಬರುವವರೆಗೆ ಮನೆಯಲ್ಲಿ ಇನ್ನೊಬ್ಬಳೂ ಇದ್ದಂತೆ ನಡೆದುಕೊಂಡರು. ಹಸಿಂತಾ ಮಾತೆಯ ಪಟದ ಮುಂದೆ ದೀಪ ಹಚ್ಚಿದಳು, ಆದರೆ ಜಪಸರ ಕೈಗೆತ್ತಿಕೊಳ್ಳಲಿಲ್ಲ. ಓಡಿಸುವುದಕ್ಕೆ ಪ್ರಾರ್ಥನೆ ಮಾಡಿದಂತಾದೀತೆಂದು ಹೆದರಿದಳು.

ತಾಸಿಂಗ್ ತಂದ ಕೂಸು ಬಟ್ಟೆಯ ಗಂಟಿನಷ್ಟೇ ಇತ್ತು. ಮುಖ ಮುದುಕಿಯಂತೆ ಸುಕ್ಕಾಗಿತ್ತು. ರೊವೆನಾ ತನ್ನ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಇದನ್ನು ಎದೆಗೆ ಹಿಡಿದಳು. ಅದಕ್ಕೆ ಚೀಪುವುದು ಗೊತ್ತಿರಲಿಲ್ಲ. ಹತ್ತಿಯ ಬಟ್ಟೆಯಿಂದ ಗಂಜಿ ತಿಳಿ ಹೀರಿ ಅಭ್ಯಾಸ, ಬಾಯಿ ಹಾಗೆಯೇ ಸಪ್ಪಳ ಮಾಡಿ ಜಾರಿಹೋಗುತ್ತಿತ್ತು. ರೊವೆನಾ ಹಾಲನ್ನು ತುಟಿಗೆ ಹಿಂಡಿದಳು, ಬೈದಳು, ಮುದ್ದಿಸಿದಳು. ಕೊನೆಗೆ ಕೂಸು ಕಚ್ಚಿ ಹಿಡಿಯಿತು. ಅದು ನುಂಗುವ ಶಬ್ದ ಆ ದೊಡ್ಡ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ತಾಸಿಂಗ್ ನೆಲದ ಮೇಲೆ ಕುಸಿದು ಕೂತು, ಮಗಳು ಸತ್ತ ಮೇಲೆ ಮೊದಲನೆಯ ಸಲ, ಬಾಯಿ ಬಿಟ್ಟು ಅತ್ತಳು.

ಆಗಲೇ ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು ಬಂತು.

ಮೆಲ್ಲಗೆ ಒಂದು ಹೆಜ್ಜೆ, ನಿಂತು ಇನ್ನೊಂದು. ದೊಡ್ಡವರ ಮನೆಗೆ ಬಂದ ಬಡವರು ಕರೆಯುವವರೆಗೆ ಅರ್ಧ ದಾರಿಯಲ್ಲಿ ನಿಲ್ಲುತ್ತಾರಲ್ಲ, ಹಾಗೆ ನಡುಮೆಟ್ಟಿಲಲ್ಲಿ ನಿಂತಿತು. ತಾಸಿಂಗಳ ಅಳು ನಿಂತುಹೋಯಿತು. ರೊವೆನಾ ಒಂದು ಕೈಯನ್ನು ತನ್ನ ಮಗನ ಮೇಲೆ ಅಡ್ಡ ಹಿಡಿದಳು, ಕಣ್ಣು ಬಿಗಿಯಾಗಿ ಮುಚ್ಚಿದಳು. ಆದರೆ ಇನ್ನೊಂದು ಕೂಸನ್ನು ಎದೆಯಿಂದ ಬಿಡಿಸಲಿಲ್ಲ.

ಓಡಿಹೋಗಿ ಬಾಗಿಲು ಹಾಕಬೇಕೆಂದು ಹಸಿಂತಾಳ ಮೈಯ ಒಂದೊಂದು ಮೂಳೆಯೂ ಹೇಳುತ್ತಿತ್ತು. ಅವಳು ಗೋಡೆ ಹಿಡಿದುಕೊಂಡು ಎದ್ದು, ನೋಯುವ ಮಂಡಿಯನ್ನು ಎಳೆಯುತ್ತ ಮೆಟ್ಟಿಲ ತುದಿಗೆ ಹೋದಳು. ಕೆಳಗೆ ಯಾರೂ ಕಾಣಲಿಲ್ಲ. ಕೊಬ್ಬರಿಯ ವಾಸನೆ, ತೆರೆದ ಗೇಟು, ಬೀದಿ ಕೊನೆಯ ದೀಪದ ಬೆಳಕು.

"ಯಾಕೆ ಅಲ್ಲೇ ನಿಂತೆ ಜೊವಿತಾ," ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಮೇಲೆ ಬಾ ತಾಯಿ. ನಿನ್ ಮಗಳು ಹಾಲು ಕುಡೀತಿದಾಳೆ, ಬಂದು ನೋಡು."